ಮನೆಯಲ್ಲಿ ಫೋನ್ ಇದೆ, ರೀಚಾರ್ಜ್ ಇಲ್ಲ: ಬಡ ವಿದ್ಯಾರ್ಥಿಯ ಡೇಟಾ ಖರ್ಚು ಯಾರ ಹೊಣೆ?

ಬಡ ಮಕ್ಕಳ ಆನ್‌ಲೈನ್ ಕಲಿಕೆ ಎಂದ ಕೂಡಲೇ ಸರ್ಕಾರಗಳಿಗೆ ನೆನಪಾಗುವುದು ಟ್ಯಾಬ್, ಲ್ಯಾಪ್‌ಟಾಪ್ ವಿತರಣೆ. ವೇದಿಕೆ ಮೇಲೆ ಕೊಟ್ಟರೆ ಫೋಟೊ ಚೆನ್ನಾಗಿ ಬರುತ್ತದೆ ಕೂಡ. ಆದರೆ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಸುಮಾರು ಶೇ. 90ರಷ್ಟು ಮಂದಿಯ ಮನೆಯಲ್ಲಿ ಈಗಾಗಲೇ ಸ್ಮಾರ್ಟ್‌ಫೋನ್ ಇದೆ ಎನ್ನುತ್ತದೆ 2024ರ ಅಸರ್ ವರದಿ. ಇಂದಿನ ದೊಡ್ಡ ತೊಡಕು ತಿಂಗಳು ತಿಂಗಳ ರೀಚಾರ್ಜ್.

ಲೆಕ್ಕ ಹಾಕಿ ನೋಡಿ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ, ದಿನಕ್ಕೆ 1.5 ಜಿಬಿ ಕೊಡುವ ಜಿಯೋದ 28 ದಿನಗಳ ಪ್ಲ್ಯಾನ್ 239 ರೂಪಾಯಿಯಿಂದ 299ಕ್ಕೆ ಏರಿತು. 28 ದಿನ ಎಂದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. ಒಟ್ಟು 3,887 ರೂಪಾಯಿ. ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬೈ, ಪುಣೆಗೆ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದಲ್ಲಿ ಅಪ್ಪನ ಫೋನ್ ಬೆಳಗ್ಗೆಯೇ ಅವನ ಜೊತೆ ಹೊರಟುಬಿಡುತ್ತದೆ. ಮಗಳ ಓದಿಗೆ ಇನ್ನೊಂದು ನಂಬರ್ ಬೇಕೆಂದರೆ ಖರ್ಚು ದುಪ್ಪಟ್ಟು. ಸಾಲದ್ದಕ್ಕೆ, ಇಂಥ ಪ್ಲ್ಯಾನ್‌ಗಳಲ್ಲಿ ಭಾನುವಾರ ಉಳಿದ ಡೇಟಾ ಸೋಮವಾರದ ಪಾಠಕ್ಕೆ ಬರುವುದಿಲ್ಲ.

ಈ ಖರ್ಚನ್ನು ಸರ್ಕಾರ ಹೊರಲು ಮುಂದಾದ ಉದಾಹರಣೆ ಇದೆ. ತಮಿಳುನಾಡು 2021ರ ಜನವರಿಯಿಂದ ಏಪ್ರಿಲ್‌ವರೆಗೆ 9.69 ಲಕ್ಷ ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 2 ಜಿಬಿಯ ಉಚಿತ ಡೇಟಾ ಕಾರ್ಡ್ ಘೋಷಿಸಿತ್ತು. ಚುನಾವಣೆ ಹೊಸ್ತಿಲಲ್ಲಿತ್ತು ಎಂಬುದು ನಿಜ, ಆದರೂ ದಾರಿ ಸರಿಯಾಗಿತ್ತು. 2023ರ ಜೂನ್‌ನಲ್ಲಿ ಉದ್ಘಾಟನೆಯಾದ ಕೇರಳದ ಕೆ-ಫೋನ್ 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಗುರಿ ಇಟ್ಟುಕೊಂಡಿದ್ದರೂ, ಮೊದಲ ಹಂತಕ್ಕೆ ಗೊತ್ತುಮಾಡಿದ್ದು 14,000 ಮನೆಗಳನ್ನು ಮಾತ್ರ.

ಹಣ ಎಲ್ಲಿಂದ? ಟೆಲಿಕಾಂ ಕಂಪನಿಗಳು ತಮ ಎಜಿಆರ್ ಆದಾಯದ ಶೇ. 5ರಷ್ಟನ್ನು ಕಟ್ಟುವ ಡಿಜಿಟಲ್ ಭಾರತ್ ನಿಧಿ ಇದೆ. ಇದುವರೆಗೆ ಅದು ಹೆಚ್ಚಾಗಿ ಹರಿದಿರುವುದು ಹಳ್ಳಿಗಳ ಟವರ್ ಮತ್ತು ಭಾರತ್‌ನೆಟ್ ಫೈಬರ್‌ಗೆ. ಅದು ಬೇಕಾದದ್ದೇ. ಆದರೆ 2023ರ ದೂರಸಂಪರ್ಕ ಕಾಯ್ದೆ ಸೌಲಭ್ಯ ಸಾಲದ ನಗರ ಪ್ರದೇಶಗಳನ್ನೂ ಈ ನಿಧಿಯ ವ್ಯಾಪ್ತಿಗೆ ತಂದಿದೆ. ಮುಂಬೈನ ಚಾಳ್‌ನಲ್ಲಿರುವ ಹುಡುಗಿಗೆ ಸಿಗ್ನಲ್ ಕೊರತೆಯಿಲ್ಲ, ಕೊರತೆ ಇರುವುದು 299 ರೂಪಾಯಿಗೆ. ಬಡ ವಿದ್ಯಾರ್ಥಿಗಳು ಯಾರೆಂದು ಹುಡುಕಲು ಹೊಸ ಸಮೀಕ್ಷೆಯೂ ಬೇಕಿಲ್ಲ: ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪಡೆಯುವವರ ಆದಾಯದ ದಾಖಲೆ, ಬ್ಯಾಂಕ್ ಖಾತೆ ಎರಡೂ ಸರ್ಕಾರದ ಬಳಿ ಇವೆ. ಆ ಮೊತ್ತಕ್ಕೆ ವರ್ಷದ 13 ರೀಚಾರ್ಜ್‌ಗಳ ಹಣ ಸೇರಿಸುವುದರಿಂದ ಶುರುಮಾಡಬಹುದು.