ಮೊದಲು ನೆಗೆಟಿವ್, ಆಮೇಲೆ ಎನ್‌ಲಾರ್ಜರ್

ರಾಜಾಜಿನಗರ, ವಿಜಯನಗರದ ಹಳೆಯ ಮನೆಗಳ ಅಟ್ಟ ಕೆದಕಿದರೆ ಬಿಸ್ಕತ್ತಿನ ಡಬ್ಬಿಯಲ್ಲಿ ಸುರುಳಿ ಸುತ್ತಿಟ್ಟ ನೆಗೆಟಿವ್‌ಗಳು ಇಂದಿಗೂ ಸಿಗುತ್ತವೆ. ತಾತನ ಕಾಲದ ನಾಮಕರಣ, ಗೃಹಪ್ರವೇಶ, ಶಾಲೆಯ ಪ್ರವಾಸ. ಪ್ರಿಂಟ್‌ಗಳು ಕಳೆದುಹೋಗಿ ನೆಗೆಟಿವ್ ಮಾತ್ರ ಉಳಿದಿರುತ್ತದೆ. ಪಿಯುಸಿ ಓದುವ ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಮನೆಯಲ್ಲೇ ಪ್ರಿಂಟ್ ಹಾಕ್ತೀನಿ, ಎನ್‌ಲಾರ್ಜರ್ ಕೊಡಿಸಿ’ ಎಂದರೆ ಅಪ್ಪ ಹುಬ್ಬೇರಿಸುವುದು ಸಹಜ. ‘ಸ್ಕ್ಯಾನ್ ಮಾಡಿಸಿದರೆ ಸಾಲದೇನಮ್ಮ?’ ಎಂಬ ಅವರ ಪ್ರಶ್ನೆಯೂ ನ್ಯಾಯವಾದದ್ದೇ. ಬೇಕಿರುವುದು ನಾಲ್ಕಾರು ಚಿತ್ರಗಳಾದರೆ ಸ್ಕ್ಯಾನ್ ಅಗ್ಗ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ತಲೆಮಾರು ಕೈಯಾರೆ ಮಾಡುತ್ತಿದ್ದ ಕತ್ತಲ ಕೋಣೆಯ ಕೆಲಸವನ್ನೇ ಕಲಿಯಬೇಕೆಂಬ ಹಂಬಲ ಇದ್ದರೆ ಮಾತ್ರ ದುಡ್ಡು ಬಿಚ್ಚುವುದು ಸರಿ.

ಹೊಸ ಎನ್‌ಲಾರ್ಜರ್ ಈಗ ಅಪರೂಪ. ಸಿಗುವುದು ಮುಚ್ಚಿದ ಸ್ಟುಡಿಯೋಗಳಿಂದ ಬಂದ ಹಳೆಯವು: ಮಿಯೋಪ್ಟಾ, ಡರ್ಸ್ಟ್ ಇತ್ಯಾದಿ. ಹೆಸರು ನೋಡಿ ಮರುಳಾಗುವ ಮೊದಲು ಸ್ಕೇಲಿನಿಂದ ನೆಗೆಟಿವ್ ಅಳೆಯಬೇಕು. 35 ಮಿ.ಮೀ. ಫಿಲ್ಮಿನ ಚಿತ್ರ 24×36 ಮಿ.ಮೀ. ಆದರೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಬಹುಕಾಲ ಆಳಿದ ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ 120 ರೋಲು ಹಾಕಿದರೆ 12 ಚೌಕ ಚಿತ್ರಗಳು ಬರುತ್ತಿದ್ದವು. ‘6×6 ಸೆಂ.ಮೀ.’ ಎನ್ನುವರು, ಅಳೆದರೆ ಒಂದು ಬದಿ ಸುಮಾರು 56 ಮಿ.ಮೀ. ತಾತನ ನೆಗೆಟಿವ್ ಇದಾಗಿದ್ದು, 35 ಮಿ.ಮೀ.ಗಷ್ಟೇ ಆಗುವ ಎನ್‌ಲಾರ್ಜರ್ ತಂದರೆ ತಾತ ಡಬ್ಬಿಯಲ್ಲೇ ಉಳಿಯುತ್ತಾರೆ. ದೊಡ್ಡದಕ್ಕೆ ಆಗುವ ಯಂತ್ರದಲ್ಲಿ ತಕ್ಕ ಮಸೂರ ಹಾಕಿ ಚಿಕ್ಕದನ್ನೂ ಮುದ್ರಿಸಬಹುದು.

ಇಲ್ಲಿ ಹತ್ತನೆಯ ತರಗತಿಯ ಪೈಥಾಗೊರಸ್ ಕೆಲಸಕ್ಕೆ ಬರುತ್ತಾನೆ. 24×36ರ ಕರ್ಣ ಸುಮಾರು 43 ಮಿ.ಮೀ.; 56ರ ಚೌಕದ ಕರ್ಣ 79. ಮಸೂರದ ಸಂಗಮದೂರ ಕರ್ಣದ ಆಸುಪಾಸಿನಲ್ಲಿ ಇರಬೇಕು. ಆದ್ದರಿಂದಲೇ ಮೊದಲನೆಯದಕ್ಕೆ 50 ಮಿ.ಮೀ., ಎರಡನೆಯದಕ್ಕೆ 75 ಅಥವಾ 80 ಮಿ.ಮೀ. ಮಸೂರ. ಚೌಕ ನೆಗೆಟಿವ್‌ಗೆ 50ರ ಮಸೂರ ಹಾಕಿದರೆ ಮೂಲೆಗಳಿಗೆ ಸಾಕಷ್ಟು ಬೆಳಕು ತಲುಪದು.

ಎಷ್ಟು ಎತ್ತರದ ಕಂಬ ಬೇಕು? ಚಿತ್ರ ಹಿಗ್ಗುವ ಪ್ರಮಾಣಕ್ಕೆ ಒಂದು ಕೂಡಿಸಿ ಸಂಗಮದೂರದಿಂದ ಗುಣಿಸಿದರೆ ಮಸೂರದಿಂದ ಕಾಗದಕ್ಕೆ ಇರಬೇಕಾದ ದೂರ ಸಿಗುತ್ತದೆ. ಕ್ಲಿಕ್ ನೆಗೆಟಿವನ್ನು 8 ಅಂಗುಲದ ಚೌಕಕ್ಕೆ ಹಿಗ್ಗಿಸಲು 3.6 ಪಟ್ಟು, 75 ಮಿ.ಮೀ. ಮಸೂರದಿಂದ ದೂರ 345 ಮಿ.ಮೀ., ಅಡಿಗಿಂತ ತುಸು ಹೆಚ್ಚು. ಬೆಳಕೂ ಲೆಕ್ಕ ತಪ್ಪುವುದಿಲ್ಲ. ಮೂರು ಪಟ್ಟಿಗೆ 10 ಸೆಕೆಂಡ್ ಸಾಕಾದರೆ, ಏಳು ಪಟ್ಟಿಗೆ ಅದೇ ದ್ವಾರದಲ್ಲಿ 40 ಸೆಕೆಂಡ್. ದೂರ ಎರಡರಷ್ಟಾಯಿತು, ಬೆಳಕು ಕಾಲುಭಾಗಕ್ಕೆ ಇಳಿಯಿತು. ಪಾಠದಲ್ಲಿ ಉರುಹೊಡೆದ ವಿಲೋಮ ವರ್ಗ ನಿಯಮ ಇಲ್ಲಿ ಕಾಗದದ ಮೇಲೆ ಕಪ್ಪಾಗಿ ಮೂಡುತ್ತದೆ.

ಹಳೆಯ ಯಂತ್ರ ನೋಡಲು ಹೋಗುವಾಗ ಟಾರ್ಚು, ಒಂದು ನೆಗೆಟಿವ್ ಜೊತೆಗಿರಲಿ. ಮಸೂರದ ಹಿಂದಿನಿಂದ ಟಾರ್ಚು ಬಿಟ್ಟಾಗ ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ತೇವದ ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದಕ್ಕೆ ಸಾಕ್ಷಿ. ಅದನ್ನು ಬಿಡುವುದೇ ಲೇಸು. ಆಮೇಲೆ ತಲೆಭಾಗವನ್ನು ಕಂಬದ ತುದಿಗೇರಿಸಿ ಬೆರಳಿಂದ ತಟ್ಟಬೇಕು. ಕೆಳಗೆ ಬಿದ್ದ ಬಿಂಬ ಬಹಳ ಹೊತ್ತು ನಡುಗಿದರೆ, ಮಾಗಡಿ ರಸ್ತೆಯ ಬದಿಯ ಮಹಡಿ ಮನೆಯಲ್ಲಿ ಲಾರಿ ಹೋದಾಗಲೆಲ್ಲ ಚಿತ್ರ ಮಸುಕಾಗುತ್ತದೆ! ನಾಲ್ಕು ಮೂಲೆಗಳೂ ಒಂದೇ ಬಾರಿಗೆ ಸ್ಪಷ್ಟವಾಗುತ್ತವೆಯೇ ಎಂಬುದನ್ನೂ ನೋಡಬೇಕು.

ಮಿಕ್ಕ ಕೊರತೆಗಳಿಗೆ ಹೆದರಬೇಕಿಲ್ಲ. ನೆಗೆಟಿವ್ ಹಿಡಿಯುವ ತಟ್ಟೆ ಕಳೆದಿದ್ದರೆ, ಮಸೂರ ಕೂರಿಸುವ ಫಲಕ ಇಲ್ಲದಿದ್ದರೆ, ಲೇತ್ ಕೆಲಸದವರು ಅಲ್ಯೂಮಿನಿಯಂನಲ್ಲಿ ಮಾಡಿಕೊಟ್ಟಾರು. ಅಂಥವರಿಗೆ ರಾಜಾಜಿನಗರದಲ್ಲಿ ಬರವಿಲ್ಲ. ಬಹಳಷ್ಟು ಎನ್‌ಲಾರ್ಜರ್ ಮಸೂರಗಳ ಮರೆ 39 ಮಿ.ಮೀ. ವ್ಯಾಸದ್ದು. ಮಸೂರವನ್ನೇ ಸಾಕ್ಷಿಗೆ ಒಯ್ದರೆ ಅಳತೆ ತಪ್ಪದು. ಒಳ್ಳೆಯ ಮಸೂರವನ್ನು ಮಾತ್ರ ಯಾವ ಲೇತೂ ಕಡೆದು ಕೊಡಲಾರದು. ಹಣವೆಲ್ಲ ಅಲ್ಲಿಗೇ ಹೋಗಲಿ.

ಅಮೆರಿಕದಿಂದ ಬಂದ ಯಂತ್ರವಾದರೆ ದೀಪ 110–120 ವೋಲ್ಟಿನದೇ ಎಂದು ನೋಡಿಕೊಳ್ಳಬೇಕು. ನಮ್ಮ 230ಕ್ಕೆ ಸಿಕ್ಕಿಸಿದರೆ ಮೊದಲ ಚಿತ್ರಕ್ಕೆ ಮುಂಚೆಯೇ ಕತ್ತಲೆ. ಬಚ್ಚಲಮನೆಯನ್ನೇ ಕತ್ತಲ ಕೋಣೆ ಮಾಡುವವರು ಅರ್ತ್ ಇರುವ ಮೂರು ಪಿನ್ನಿನ ಪ್ಲಗ್ಗನ್ನೇ ಬಳಸಬೇಕು, ಎನ್‌ಲಾರ್ಜರ್ ಒಂದು ಬದಿಗೆ, ರಾಸಾಯನಿಕಗಳ ತಟ್ಟೆ ಇನ್ನೊಂದು ಬದಿಗೆ ಇಡಬೇಕು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟ ಮೇಲೆಯೇ ಬಾಗಿಲು ಹಾಕುವುದು. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಕಾಗದದ ಕಾಲ ಮುಗಿದಿದೆ. ಈಗಿನ ಆಮದು ಕಾಗದ ದುಬಾರಿ. ನೀರು ದಿನ ಬಿಟ್ಟು ದಿನ ಬರುವ ಮನೆಯಲ್ಲಿ ಪ್ಲಾಸ್ಟಿಕ್ ಲೇಪದ ಆರ್‌ಸಿ ಕಾಗದದಿಂದ ಶುರುಮಾಡುವುದು ಮೇಲು. ಕೆಲವೇ ನಿಮಿಷದ ತೊಳೆತ ಅದಕ್ಕೆ ಸಾಕು.