ಊರಿನಿಂದ ಬರುವ ಔಷಧಿ ಡಬ್ಬ

ಕ್ವೀನ್ಸ್‌ಬರಿಯಲ್ಲಿ ಜುಬಿಲಿ ಮಾರ್ಗದ ರೈಲು ಹತ್ತಿ ಬೇಕರ್ ಸ್ಟ್ರೀಟಿನಲ್ಲಿ ಬದಲಾಯಿಸಿದರೆ ಪ್ಯಾಡಿಂಗ್ಟನ್ ದೂರವೇನಲ್ಲ. ಅಲ್ಲಿನ ಸೇಂಟ್ ಮೇರೀಸ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಬೂಷ್ಟು ಹಿಡಿದ ಗಾಜಿನ ತಟ್ಟೆಯೊಂದರಲ್ಲಿ ಪೆನಿಸಿಲಿನ್ನನ್ನು ಗುರುತಿಸಿದರು. ಆ ಘಟನೆಗೆ ನೂರು ವರ್ಷ ತುಂಬುವ 2028ರಲ್ಲಿ ಅಲ್ಲಿಯೇ ಫ್ಲೆಮಿಂಗ್ ಕೇಂದ್ರವನ್ನು ತೆರೆಯುವುದು ಇಂಪೀರಿಯಲ್ ಕಾಲೇಜು ಹಾಗೂ ಅದರ ಸಹಭಾಗಿ ಎನ್‌ಎಚ್‌ಎಸ್ ಟ್ರಸ್ಟಿನ ಸಂಕಲ್ಪ. ಪ್ರತಿಜೀವಕಗಳಿಗೆ, ಅಂದರೆ ಆಂಟಿಬಯೋಟಿಕ್‌ಗಳಿಗೆ, ಬಗ್ಗದ ರೋಗಾಣುಗಳನ್ನು ಎದುರಿಸುವುದೇ ಅದರ ಗುರಿ. ವಿಜ್ಞಾನಿಗಳು, ವೈದ್ಯರು ಮತ್ತು ನೀತಿ ನಿರೂಪಕರೊಡನೆ ಜನಸಾಮಾನ್ಯರನ್ನೂ ಈ ಕಾರ್ಯದಲ್ಲಿ ಸೇರಿಸಿಕೊಳ್ಳುವುದು ಅದರ ಆಶಯ.

ಈ ಕಾರ್ಯದಲ್ಲಿ ನಮ್ಮ ಪಾಲು ನಮ್ಮ ಅಡುಗೆಮನೆಯ ಕಪಾಟಿನಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಬೆಂಗಳೂರಿನಿಂದ ಮರಳುವಾಗ ಸಾರಿನ ಪುಡಿ, ಹಪ್ಪಳಗಳ ಜೊತೆಗೆ ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್ ಸ್ಟ್ರಿಪ್‌ಗಳೂ ನಮ್ಮ ಸೂಟ್‌ಕೇಸಿನಲ್ಲಿ ಬರುತ್ತವೆ. ಮಗುವಿಗೆ ಕೆಮ್ಮು ಬಂದರೆ ಎರಡು ದಿನ, ಅತ್ತೆಯವರಿಗೆ ಗಂಟಲು ನೋವಾದರೆ ಮೂರು ದಿನ. ಉಳಿದದ್ದು ಮತ್ತೆ ಡಬ್ಬಕ್ಕೆ. ನೆಗಡಿ ಮತ್ತು ಬಹುಪಾಲು ಕೆಮ್ಮುಗಳಿಗೆ ವೈರಾಣುಗಳೇ ಕಾರಣ. ಅವುಗಳ ಮೇಲೆ ಪ್ರತಿಜೀವಕಕ್ಕೆ ಯಾವ ಪ್ರಭಾವವೂ ಇಲ್ಲ. ಆದರೆ ನಮ್ಮ ಕರುಳಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳ ಪೈಕಿ ದುರ್ಬಲವಾದವು ಅಳಿದು, ಔಷಧವನ್ನು ತಾಳಿಕೊಂಡವು ಉಳಿದು ವೃದ್ಧಿಸುತ್ತವೆ; ತಮ್ಮ ಪ್ರತಿರೋಧದ ಗುಣವನ್ನು ನೆರೆಯ ಬ್ಯಾಕ್ಟೀರಿಯಾಗಳಿಗೂ ಹಂಚುತ್ತವೆ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಇಂತಹ ಪ್ರತಿರೋಧವೇ ನೇರ ಕಾರಣವೆಂದು 2022ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು.

ಫ್ಲೆಮಿಂಗ್ ಅವರೇ 1945ರ ನೊಬೆಲ್ ಉಪನ್ಯಾಸದಲ್ಲಿ ಈ ಅಪಾಯವನ್ನು ಸೂಚಿಸಿದ್ದರು. ಅದಕ್ಕೆ ಅವರು ಆರಿಸಿಕೊಂಡ ದೃಷ್ಟಾಂತವೂ ಒಂದು ಮನೆಯದೇ: ಗಂಟಲು ನೋವಿದ್ದ ಗಂಡ ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ಸೇವಿಸುತ್ತಾನೆ; ಹಾಗೆ ಪಳಗಿದ ರೋಗಾಣು ಹೆಂಡತಿಗೆ ತಗಲಿ, ಔಷಧ ಫಲಿಸದೆ ಆಕೆ ತೀರಿಕೊಳ್ಳುತ್ತಾಳೆ.

ಊರಿನ ಔಷಧದಂಗಡಿಗಳನ್ನಷ್ಟೇ ದೂರಿ ಫಲವಿಲ್ಲ. ಭಾರತದಲ್ಲಿ 2014ರಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯಂತೆ ಹಲವು ಪ್ರಬಲ ಪ್ರತಿಜೀವಕಗಳ ಮಾರಾಟಕ್ಕೆ ವೈದ್ಯರ ಚೀಟಿ ಬೇಕು, ರೋಗಿಯ ಹೆಸರನ್ನು ದಾಖಲಿಸಬೇಕು. ನಿಯಮವಿದ್ದೂ ನಾವು ಕೇಳುತ್ತೇವೆ, ಅವರು ಕೊಡುತ್ತಾರೆ. ವೈದ್ಯರಾದ ನಾವೂ ನಿರ್ದೋಷಿಗಳಲ್ಲ. ಎಂ.ಬಿ.ಬಿ.ಎಸ್. ಮುಗಿಸಿದ ಹೊಸದರಲ್ಲಿ, ಹೊರಗೆ ಸರತಿ ಬೆಳೆದಿದ್ದಾಗ, ವಿವರಿಸಿ ಹೇಳುವುದಕ್ಕಿಂತ ಬರೆದುಕೊಡುವುದೇ ಸುಲಭವೆನಿಸಿ ನೆಗಡಿಗೂ ಪ್ರತಿಜೀವಕ ಬರೆದದ್ದುಂಟು.

"ಇಲ್ಲಿ ಜಿ.ಪಿ. ಭೇಟಿ ಸಿಗುವುದೇ ಕಷ್ಟ, ಸಿಕ್ಕರೂ ಪ್ಯಾರಸಿಟಮಾಲ್ ಅಷ್ಟೇ" ಎಂಬುದು ಸದಸ್ಯರ ದೂರು. ಕಾಯುವ ಸಂಕಟ ನಿಜ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಂಟಲು ನೋವು ಬಹುತೇಕ ಒಂದು ವಾರದಲ್ಲಿ ತಾನಾಗಿಯೇ ಶಮನವಾಗುತ್ತದೆ. ಅಲ್ಲದೆ 2024ರ ಜನವರಿಯಿಂದ ಇಂಗ್ಲೆಂಡಿನಲ್ಲಿ ಗಂಟಲು ನೋವು, ಮಹಿಳೆಯರ ಸರಳ ಮೂತ್ರಸೋಂಕು ಸೇರಿದಂತೆ 7 ತೊಂದರೆಗಳನ್ನು, ವಯೋಮಿತಿಗೆ ಒಳಪಟ್ಟು, ಬೀದಿಬದಿಯ ಫಾರ್ಮಸಿಯಲ್ಲಿಯೇ ಪರೀಕ್ಷಿಸಿ ಅಗತ್ಯವಿದ್ದರೆ ಔಷಧ ಕೊಡುತ್ತಾರೆ. ಉಸಿರಾಟಕ್ಕೆ ತೊಂದರೆ, ಏನನ್ನೂ ನುಂಗಲಾಗದ ಸ್ಥಿತಿ ಅಥವಾ ಮಂಪರು ಕಂಡುಬಂದರೆ ಮಾತ್ರ ತಡಮಾಡಬಾರದು. ಅಂತಹ ವೇಳೆಯಲ್ಲಿ ಡಬ್ಬದ ಗುಳಿಗೆಯನ್ನು ನೆಚ್ಚಿಕೊಳ್ಳುವುದು ಇನ್ನೂ ಅಪಾಯಕರ.

ಆರು ತಿಂಗಳಿಗೆಂದು ಬರುವ ತಂದೆತಾಯಿಯರು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಗುಳಿಗೆಗಳನ್ನು ವೈದ್ಯರ ಚೀಟಿಯೊಡನೆ ಅವಶ್ಯವಾಗಿ ತರಲಿ. 'ಇರಲಿ' ಎಂದು ತರುವ ಪ್ರತಿಜೀವಕ ಬೇಡ. ಅವರಾಗಲಿ ನಾವಾಗಲಿ ಕಳೆದ ಒಂದು ವರ್ಷದೊಳಗೆ ಊರಿನ ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ, ಇಲ್ಲಿ ದಾಖಲಾಗುವಾಗ ಅದನ್ನು ಮುಚ್ಚಿಡದೆ ತಿಳಿಸಬೇಕು. ಅಗತ್ಯವಾದ ತಪಾಸಣೆಗೂ ಸರಿಯಾದ ಔಷಧದ ಆಯ್ಕೆಗೂ ಅದು ನೆರವಾಗುತ್ತದೆ.

ಪ್ಯಾಡಿಂಗ್ಟನ್‌ನಲ್ಲಿ ನಡೆಯುವ ಸಂಶೋಧನೆ ಹೊಸ ಔಷಧಗಳಿಗೆ ದಾರಿ ತೋರಬಹುದು. ಅವನ್ನೂ ನಾವು ಹೀಗೆಯೇ ಬಳಸಿದರೆ ಅವೂ ಬಹುಕಾಲ ಬಾಳಲಾರವು. ಮುಂದಿನ ಹಬ್ಬಕ್ಕೆ ಮನೆ ಶುಚಿಗೊಳಿಸುವಾಗ ಆ ಡಬ್ಬವನ್ನೂ ಒಮ್ಮೆ ತೆರೆಯೋಣ. ಉಳಿದ ಪ್ರತಿಜೀವಕಗಳನ್ನು ಕಸದ ಬುಟ್ಟಿಗೂ ಸಿಂಕಿಗೂ ಹಾಕದೆ ಹತ್ತಿರದ ಫಾರ್ಮಸಿಗೆ ಒಪ್ಪಿಸೋಣ. ಅವರು ಅದನ್ನು ಸ್ವೀಕರಿಸಿ ಸುರಕ್ಷಿತವಾಗಿ ವಿಲೇವಾರಿ ಮಾಡುತ್ತಾರೆ.