ಬಟ್ಟಲಿಗೆ ತೂಕವೊಂದೇ ಬೆಲೆಯೆ?

ನಮ್ಮ ಮನೆಯ ಹಳೆಯ ಬೆಳ್ಳಿ ಬಟ್ಟಲನ್ನು ಹೊಸದಕ್ಕೆ ಬದಲಾಯಿಸಲೆಂದು ಮುಂಬಯಿಯ ಅಂಗಡಿಯೊಂದಕ್ಕೆ ಹೋಗಿದ್ದೆ, ತಪ್ಪೊಪ್ಪಿಕೊಂಡೇ ಬರೆಯುತ್ತಿದ್ದೇನೆ. ಹಳೆಯದಕ್ಕೆ ತೂಕದ ಬೆಲೆ ಮಾತ್ರ, ಅದರಲ್ಲೂ ಕಲ್ಮಶವೆಂದು ಕಡಿತ. ಯಂತ್ರ ಒತ್ತಿದ ಹೊಸದಕ್ಕೆ ಮಾತ್ರ ಬೇರೆಯಾಗಿ ಮಜೂರಿ! ಕೈಗೆ ಸೊನ್ನೆ, ಅಚ್ಚಿಗೆ ಕಾಸು. ಬಟ್ಟಲನ್ನು ಮರಳಿ ತಂದೆ.

ಆ ಸೊನ್ನೆಯಲ್ಲಿ ಏನೇನಿದೆ? ಬೆಳ್ಳಿಯ ಬಿಲ್ಲೆಯನ್ನು ಬಡಿದು, ಪೆಡಸಾದಾಗಲೆಲ್ಲ ಕಾಯಿಸಿ ಹದಗೊಳಿಸಿ, ಅರಗಿನ ಮೇಲೆ ಕೂರಿಸಿ ಉಳಿಯಿಂದ ಬಳ್ಳಿ ಬಿಡಿಸಿದವನ ದಿನಗಳಿವೆ. ಅಂಚಿನ ಚೂರು ಓರೆ ಅವನ ಸಹಿ. ಇದನ್ನೇ ನಾವು ದೋಷವೆನ್ನುತ್ತೇವೆ. ಬ್ರಿಟಿಷರ ಅಭಿರುಚಿಗೆಂದು ಮದರಾಸಿನ ಪಿ. ಓರ್ ಅಂಡ್ ಸನ್ಸ್ ಮಾರಿದ ‘ಸ್ವಾಮಿ’ ಬೆಳ್ಳಿಯನ್ನು ಸಂಗ್ರಾಹಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ನಮ್ಮ ಅಜ್ಜಿ ಪಾಯಸ ಉಣಿಸಿದ ಬಟ್ಟಲು ಮಾತ್ರ ಗುಜರಿ!

ಕಷ್ಟಕಾಲದಲ್ಲಿ ಮಾರಿದವರ ಮೇಲೆ ನನ್ನ ಆಕ್ಷೇಪವಿಲ್ಲ. ಬೆಳ್ಳಿ ಎಂದಿನಿಂದಲೂ ಮನೆಯ ಆಪದ್ಧನ. ಹೊಳಪಿಗಾಗಿ ಕರಗಿಸುವವರೊಡನೆ ನನ್ನ ಜಗಳ. “ಸಣ್ಣ ಫ್ಲ್ಯಾಟು, ಕಪ್ಪಾಗುತ್ತದೆ, ಉಜ್ಜುವವರಾರು?” ಎನ್ನುತ್ತಾರೆ. ಗಾಳಿಯ ಗಂಧಕದಂಶ ತಾಗಿ ಬೆಳ್ಳಿ ಕಪ್ಪಾಗುವುದು ನಿಜ. ಆದರೆ ದಿನವೂ ಬಳಸಿ ತೊಳೆದದ್ದು ಅಷ್ಟು ಬೇಗ ಕಪ್ಪಾಗದು; ಆದರೂ ಚಿಟಿಕೆ ವಿಭೂತಿ ಸಾಕು. ಗಾಜಿನ ಕಪಾಟಿನಲ್ಲಿ ಕೂರಿಸುವವರೂ ಅರ್ಧ ಅಪರಾಧಿಗಳೇ: ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ?

ಅನ್ನಪ್ರಾಶನದ ಪಾಯಸಕ್ಕೆ, ನರಕಚತುರ್ದಶಿಯ ಎಣ್ಣೆಗೆ, ಬಂದವರಿಗೆ ಗಂಧ ಕೊಡಲು, ಪೂಜೆಯ ತೀರ್ಥಕ್ಕೆ ಒಂದೊಂದು ಬಟ್ಟಲಿತ್ತು. ಕೂಸಿಗೆ ಹಾಲು ಕುಡಿಸಲು ಒಳಲೆಯಿತ್ತು. ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ಹೊರನಾಡಿನ ಸಭೆಗಳಲ್ಲಿ ಕಣ್ಣೀರಿಡುವ ನಾವು, ‘ಒಳಲೆ’ ಎಂಬ ಶಬ್ದವನ್ನು ನಮ್ಮ ಕೈಯಾರೆ ಮೂಸೆಗೆ ಹಾಕಿದ್ದೇವೆ. ವಸ್ತು ಹೋದ ಮನೆಯಲ್ಲಿ ಶಬ್ದ ಒಂಟಿಯಾಗಿ ಬಾಳದು. ನಿಘಂಟು ಅದನ್ನು ಕಾಪಾಡೀತು, ಆದರೆ ಹಾಲು ಕುಡಿಸಲಾರದು.

ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಾಚೆ ಸಾಗಿಸದಂತೆ 1972ರ ಕಾಯಿದೆ ತಡೆಯುತ್ತದೆ. ಪಕ್ಕದ ಓಣಿಯ ಮೂಸೆಗೆ ಕಾವಲು ನಿಲ್ಲಬೇಕಾದವರು ನಾವೇ. ಮುಂದಿನ ಬಾರಿ ತಕ್ಕಡಿಯವನು “ಎಷ್ಟು ಗ್ರಾಂ?” ಎಂದರೆ, “ಎಷ್ಟು ತಲೆಮಾರು?” ಎಂದು ಕೇಳಿ, ಬಟ್ಟಲಿನೊಡನೆ ಮನೆಗೆ ಬನ್ನಿ. ಆ ಸಂಜೆಯೇ ಅದರಲ್ಲಿ ಪಾಯಸ ಬಡಿಸಿ.